ಸುಣ್ಣದ ಬೊಟ್ಟಿಟ್ಟ ನಟ್ಟು

ಇಸ್ಮಾಯಿಲ್, ಆ ದಿನ ಕಾರು ತಿರುವಿನಲ್ಲಿ ದಾರಿ ಬಿಟ್ಟು ಉರುಳಿದ್ದು ನಿನ್ನ ತಪ್ಪಿನಿಂದಲ್ಲ. ನನ್ನಿಂದ. ಇಷ್ಟು ಬರೆಯಲು ನನಗೆ ಹದಿಮೂರು ವರ್ಷ ಬೇಕಾಯಿತು.

ಆ ಕಾರನ್ನು ನೀನು ಮರೆತಿರಲಾರೆ. ನಾವಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಮದ್ರಾಸಿನಲ್ಲಿ ಯಾರೋ ಪುಣ್ಯಾತ್ಮ ಕೈಯಲ್ಲೇ ಕಟ್ಟಿದ ಒಂಟಿ ಸೀಟಿನ ರೇಸ್ ಕಾರು. ಪೈಪುಗಳನ್ನು ಬೆಸೆದ ಚೌಕಟ್ಟು, ಮೇಲೆ ಅಲ್ಯುಮಿನಿಯಂ ತಗಡು, ಚಾಲಕನ ಬೆನ್ನಿಗೇ ಫಿಯೆಟ್ ಎಂಜಿನ್. ಸ್ಟೀರಿಂಗ್ ಕಳಚಿದರೆ ಮಾತ್ರ ಒಳಗೆ ಕೂರಬಹುದು, ಅಷ್ಟು ಇಕ್ಕಟ್ಟು. ವಿಮಾನ ಇಳಿಯುವ ಹಳೆಯ ಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳಲ್ಲಿ ಎರಡು ಸಲ ಗೆದ್ದು, ಮುದಿಯಾಗಿ, ಬಂಟ್ವಾಳದ ನಮ್ಮ ಗ್ಯಾರೇಜಿಗೆ ಬಂದಿತ್ತು. ಯಜಮಾನರಾದ ಬಾಬಣ್ಣ ಅದಕ್ಕೆ ಮತ್ತೆ ಜೀವ ಕೊಟ್ಟರು. ವಾಮದಪದವು ಬಸ್ಸಿನ ಡ್ರೈವರನಾದ ನಿನ್ನನ್ನು ಅದರಲ್ಲಿ ಕೂರಿಸಿದರು.

ಬಾಬಣ್ಣನ ಕಟ್ಟಳೆ ಗೊತ್ತಲ್ಲ — ನಟ್ಟು ಬಿಗಿ ಮಾಡಿದವ ಎಲೆಅಡಿಕೆ ಡಬ್ಬಿಯ ಸುಣ್ಣದಿಂದ ಅದಕ್ಕೊಂದು ಬೊಟ್ಟಿಡಬೇಕು. ಬೊಟ್ಟು ಬಿದ್ದದ್ದನ್ನು ಮತ್ತೊಬ್ಬ ಮುಟ್ಟುವಂತಿಲ್ಲ. ರೇಸಿನ ದಿನ ಬೆಳಿಗ್ಗೆ ನಾನು ಅವಸರದಲ್ಲಿ ಎಲ್ಲಕ್ಕೂ ಮೊದಲೇ ಬೊಟ್ಟಿಟ್ಟೆ, ಬಿಗಿ ಆಮೇಲೆ ಮಾಡುವ ಎಂದು. ಅಷ್ಟರಲ್ಲಿ ಫೋಟೋಕ್ಕೆ ಕರೆದರು. ಹೋಗಿ ಹಲ್ಲು ಕಿರಿದು ನಿಂತೆ. ಬಂದು ಬಿಗಿ ಮಾಡುತ್ತಾ ಹೋದವ, ಎಲ್ಲಕ್ಕೂ ಮೊದಲೇ ಬೊಟ್ಟಿಟ್ಟದ್ದನ್ನು ಮರೆತು, ಮುಂದಿನ ಬಲಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಸರಳಿನ ನಟ್ಟನ್ನು ಬಿಟ್ಟುಬಿಟ್ಟೆ — ಬೊಟ್ಟು ಇತ್ತಲ್ಲ, ಆದದ್ದೇ ಅಂದುಕೊಂಡೆ.

ನೀನು ಕೇಳಿದೆ, “ಶೇಖರಣ್ಣ, ಮುಂದಿನ ಚಕ್ರದ್ದು ಬಿಗಿ ಉಂಟಲ್ಲ?”

“ಸುಣ್ಣ ಕಾಣುವುದಿಲ್ವಾ ಮಾರಾಯ? ಕಣ್ಣು ಮನೆಯಲ್ಲಿಟ್ಟು ಬಂದದ್ದಾ?”

ನೀನು ನಂಬಿದೆ. ಭುಜದ ಮೂಳೆ ಮುರಿದುಕೊಂಡೆ.

ಎಳೆದು ತಂದ ಕಾರಿನಡಿಗೆ ಮೊದಲು ಬಗ್ಗಿದವ ನಾನು. ಸರಳು ಕಳಚಿ ನೇತಾಡುತ್ತಿತ್ತು, ನಟ್ಟಿಲ್ಲ. ಯಾರೂ ನೋಡುವ ಮೊದಲು ಬೇರೆ ನಟ್ಟು ಹಾಕಿದೆ.

“ಸ್ಟೀರಿಂಗ್ ಕೇಳಲೇ ಇಲ್ಲ ಬಾಬಣ್ಣ,” ಎನ್ನುತ್ತಲೇ ಇದ್ದೆ ನೀನು. “ಕೇಳುವುದಕ್ಕೆ ಅದೇನು ನಿನ್ನ ಕಂಡಕ್ಟರನಾ? ಬಸ್ಸಿನ ಕೈ, ಹೆದರಿತು,” ಎಂದು ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ನೀನು ಬಸ್ಸನ್ನೂ ಬಿಟ್ಟು ಕಲ್ಲಡ್ಕದಲ್ಲಿ ಅಂಗಡಿ ಹಾಕಿದೆ.

ಬಾಬಣ್ಣ ತೀರಿಕೊಂಡರು. ಕಾರನ್ನು ಮೂಡುಬಿದಿರೆಯ ಹಳೆಕಾರಿನ ಮರುಳರೊಬ್ಬರು ಕೊಂಡು ಹೊಸದರಂತೆ ಮಾಡಿ, ಜನ ಬಂದು ನೋಡಲೆಂದು ಇಟ್ಟರು. ಅದರ ಚರಿತ್ರೆಯನ್ನು ಫಲಕಕ್ಕೆ ಬರೆದುಕೊಡಲು ನನಗೇ ಹೇಳಿದರು. ಆಗಲಾದರೂ ನಿಜ ಬರೆಯಬಹುದಿತ್ತು. ತಡೆಯುವವರು ಯಾರೂ ಇರಲಿಲ್ಲ. ಬರೆದದ್ದು: ‘ಕೊನೆಯ ರೇಸಿನಲ್ಲಿ ಚಾಲಕ ಹೆದರಿದ್ದರಿಂದ ಅಪಘಾತ.’

ಮೊನ್ನೆ ಅಲ್ಲಿ ನಿನ್ನ ಮಗಳು ಸಿಕ್ಕಿದಳು, ಕಾಲೇಜಿನ ಗೆಳತಿಯರೊಂದಿಗೆ. “ಇದು ನಮ್ಮ ಬಾಪ ಓಡಿಸಿದ ಕಾರು,” ಎಂದು ದೊಡ್ಡ ಸ್ವರದಲ್ಲಿ ಹೇಳುತ್ತಾ ಬಂದವಳು ಫಲಕ ಓದಿದಳು. ನನ್ನತ್ತ ತಿರುಗಿ, “ಹೌದಾ ಮಾವ?” ಎಂದಳು. ನಾನು... ಹೌದೆಂದು ತಲೆ ಆಡಿಸಿದೆ, ಇಸ್ಮಾಯಿಲ್. ಮತ್ತೊಮ್ಮೆ.

ನಿನ್ನೆ ಹೋಗಿ ಫಲಕ ಬದಲಿಸಲು ಹೇಳಿದ್ದೇನೆ, ತಪ್ಪಿಗೆ ನನ್ನ ಹೆಸರು ಹಾಕಿ. ಶುಕ್ರವಾರ ನಮಾಜು ಮುಗಿದ ಮೇಲೆ ನಿನ್ನ ಮನೆಗೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ, ಆ ಮುಖ ನನಗಿಲ್ಲ. ನಿನ್ನ ಮಗಳನ್ನು ಕರೆದು ಕೂರಿಸು. ಅವಳಿಗೆ ನಾನೇ ಹೇಳಬೇಕು.