ಕೀ ತೆಗೆದರೂ ನಿಲ್ಲದ ಇಂಜಿನ್

ಭಾನುವಾರ ಬೆಳಿಗ್ಗೆ ಆರೂವರೆಗೆ ಚಾಮರಾಜನಗರದಲ್ಲಿ ಬಸ್ಸು ಹತ್ತಿದೆ. ಹೆಂಗಸರಿಗೆ ಪ್ರಯಾಣ ಉಚಿತವಾದ್ದರಿಂದ ಕಂಡಕ್ಟರ್ ಕೊಟ್ಟ ಟಿಕೆಟ್ಟಿನಲ್ಲಿ ಸೊನ್ನೆ ಇತ್ತು. ಮೈಸೂರಿಗೆ ಸುಮಾರು ಅರವತ್ತು ಕಿಲೋಮೀಟರು. ಮಾರ್ಗಶಿರದ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಂಜನಗೂಡಿನ ಸೇತುವೆಯ ಮೇಲೆ ಬಸ್ಸು ನಿಂತಾಗಲೂ ಕೆಳಗಿನ ಕಪಿಲೆ ಕಾಣಲಿಲ್ಲ. ಯಾರೋ ಬಟ್ಟೆ ಒಗೆಯುವ ಸದ್ದು ಮಾತ್ರ ಮಂಜಿನೊಳಗಿಂದ ಬರುತ್ತಿತ್ತು.

ಎರಡು ಕೆಲಸಕ್ಕಾಗಿ ಹೊರಟಿದ್ದೆ. ಒಂದು, ಎರಡು ತಿಂಗಳ ಹಿಂದೆ ಮೈಸೂರಿನಲ್ಲೇ ಇಂಜಿನ್ ಜಾಮಾಗಿ ನಿಂತಿದ್ದ ನಮ್ಮ ಡೀಸೆಲ್ ಕಾರಿಗೆ ಬೇರೆ ಇಂಜಿನ್ ಕೂರಿಸಿದ್ದರು, ಅದನ್ನು ತರಬೇಕಿತ್ತು. ಇನ್ನೊಂದು, ವಿದ್ಯಾರಣ್ಯಪುರಂನ ಅತ್ತೆಮನೆಯಲ್ಲಿದ್ದ ಮಗಳು ಚೈತ್ರಾಳನ್ನೂ ಅವಳ ಹನ್ನೆರಡು ದಿನದ ಮಗುವನ್ನೂ ಅದೇ ಕಾರಿನಲ್ಲಿ ಮನೆಗೆ ಕರೆತರಬೇಕಿತ್ತು. ಮನೆಯವರಿಗೆ ಮಂಡಿನೋವು. ಕಾರು ಓಡಿಸುವವಳು ನಾನೇ.

ಬಸ್ ನಿಲ್ದಾಣದಲ್ಲಿ ಎರಡು ಇಡ್ಲಿ ತಿಂದು, ತೊಂಬತ್ತು ರೂಪಾಯಿ ಆಟೋಗೆ ಕೊಟ್ಟು ಗ್ಯಾರೇಜು ತಲುಪಿದೆ. ಮೆಕ್ಯಾನಿಕ್ ನಾಗರಾಜು ಕಾರನ್ನು ತೊಳೆದು ಒರೆಸಿ ನಿಲ್ಲಿಸಿದ್ದ.

"ಈ ಇಂಜಿನ್ ಎಲ್ಲಿಂದ ಬಂತು ನಾಗರಾಜು?" ಎಂದು ಕೇಳಿದೆ.

"ಗುಜರಿಯಿಂದ ಮೇಡಂ. ಆಕ್ಸಿಡೆಂಟ್ ಗಾಡೀದು. ಹಿಂದ್ಗಡೆ ಪೂರ್ತಿ ಜಜ್ಜೋಗಿತ್ತು, ಮುಂದ್ಗಡೆ ಒಂದ್ ಗೀರೂ ಇಲ್ಲ. ಅದರ ವೈರಿಂಗ್ ಸಮೇತ ಎತ್ತಿ ಕೂರಿಸ್ಬುಟ್ಟಿದೀನಿ."

"ಆ ಗಾಡೀಲಿದ್ದವರು?"

"ಗುಜರಿಯವನು ಅದನ್ನೆಲ್ಲ ಎಲ್ಲಿ ಹೇಳ್ತಾನೆ, ಬುಡಿ ಮೇಡಂ."

ಒಂಬತ್ತು ವರ್ಷ ಓಡಿಸಿದ ಕಾರು. ಸೀಟಿನ ತಗ್ಗು, ಸ್ಟಿಯರಿಂಗಿನ ಸವೆತ ಎಲ್ಲ ನನ್ನವೇ. ಆದರೆ ಸದ್ದು ಮಾತ್ರ ಬೇರೆಯವರದು. ಮೊದಲ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದೆ. ಮುಂದಿದ್ದ ಮೀಟರುಗಳ ದೀಪಗಳೆಲ್ಲ ಮಂಕಾಗಿ ಹೊತ್ತಿಕೊಂಡವು. ಕಾಲು ತೆಗೆದೆ, ಆರಿದವು. ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ವೈಪರ್ ಒಂದು ಅಂಗುಲ ಮೇಲೆದ್ದು ನಡುಗಿ ಮಲಗಿತು. ಹಾರ್ನ್ ಒತ್ತಿದಾಗ ಬಂದದ್ದು ನರಳಾಟದಂಥ ಸ್ವರ. ಸ್ವಲ್ಪ ದೂರ ಹೋದ ಮೇಲೆ ನಾನು ಮುಟ್ಟದೆಯೂ ಅದು ಇನ್ನೊಮ್ಮೆ ನರಳಿತು. ಪಕ್ಕದ ಸ್ಕೂಟರಿನವರು ನನ್ನತ್ತ ತಿರುಗಿ ನೋಡಿದರು.

ವಿದ್ಯಾರಣ್ಯಪುರಂನಲ್ಲಿ ಬೀಗರ ಮನೆ ಮುಂದೆ ನಿಲ್ಲಿಸಿ, ಕೀ ತೆಗೆದು, ಚೀಲ ಎತ್ತಿಕೊಂಡು ಇಳಿದೆ. ಬೀಗಿತ್ತಿ ಬಾಗಿಲಿಗೆ ಬಂದಿದ್ದರು. ಅವರ ಹಿಂದೆ ಮಗುವನ್ನು ಎದೆಗವಚಿಕೊಂಡು ಚೈತ್ರಾ. ಇಬ್ಬರೂ ನನ್ನನ್ನು ಬಿಟ್ಟು ಕಾರನ್ನು ನೋಡುತ್ತಿದ್ದರು.

"ಕೀ ನಿಮ್ಮ ಕೈಲೇ ಇದೆಯಲ್ರೀ," ಎಂದರು ಬೀಗಿತ್ತಿ. "ಮತ್ತೆ ಅದು ಹೆಂಗೆ ಓಡ್ತಾ ಇದೆ?"

ತಿರುಗಿ ನೋಡಿದೆ. ಒಳಗೆ ಯಾರೂ ಇಲ್ಲದ ಕಾರು ಸಣ್ಣಗೆ ಅದುರುತ್ತ ನಿಂತಿತ್ತು. ಕೀ ಹಾಕಿ ತಿರುಗಿಸಿ ಮತ್ತೆ ತೆಗೆದೆ. ಇಂಜಿನ್ ಅದೇ ಲಯದಲ್ಲಿ ಓಡುತ್ತಲೇ ಇತ್ತು. ಕೊನೆಗೆ ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟೆ. ಕಾರು ಒಮ್ಮೆ ಕುಪ್ಪಳಿಸಿ ಸತ್ತಿತು.

ಬೀಗಿತ್ತಿ ಮಗುವಿನ ಮುಖಕ್ಕೆ ಸೆರಗು ಮುಚ್ಚಿದರು. "ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಇದು ಸರಿಹೋಗ್ಲಿಲ್ಲ ಅಂದ್ರೆ ಮಗೂನ ಕಳಿಸಲ್ಲ. ಬೇಜಾರ್ ಮಾಡ್ಕೋಬೇಡಿ," ಎಂದರು. ಬೇಜಾರು ಮಾಡಿಕೊಳ್ಳಲು ಏನೂ ಇರಲಿಲ್ಲ. ನಾನೇ ಆಗಿದ್ದರೂ ಹಾಗೇ ಹೇಳುತ್ತಿದ್ದೆ.

ನಾಗರಾಜುವಿಗೆ ಫೋನ್ ಮಾಡಿದರೆ "ಎಲ್ಲೋ ಒಂದ್ ವೈರ್ ಮೇಡಂ, ನಾಳೆ ತನ್ನಿ" ಎಂದ. ಎದುರುಮನೆಯವರು ಲಷ್ಕರ್ ಮೊಹಲ್ಲಾದ ಕಲೀಂ ಭಾಯ್ ಹೆಸರು ಹೇಳಿದರು. ಬರೀ ವಾಹನಗಳ ವೈರಿಂಗ್ ಮಾಡುವವರಂತೆ. ಶುಕ್ರವಾರ ರಜೆ, ಭಾನುವಾರ ತೆರೆದಿರುತ್ತಾರಂತೆ. ಹೊರಡಲು ಸ್ಟಾರ್ಟ್ ಮಾಡಿದಾಗ ಕಾಲ ಬಳಿಯಿಂದ ಸುಟ್ಟ ಪ್ಲಾಸ್ಟಿಕ್ ವಾಸನೆಯ ತೆಳು ಹೊಗೆ ಎದ್ದಿತು. ಎರಡೂ ಕಿಟಕಿ ಇಳಿಸಿಕೊಂಡು ಓಡಿಸಿದೆ.

ಕಲೀಂ ಭಾಯ್‌ಗೆ ಅರವತ್ತು ದಾಟಿರಬಹುದು. ಬೂದು ಬಣ್ಣದ ಗಡ್ಡ, ಕುತ್ತಿಗೆಗೆ ಸುತ್ತಿದ ಮಫ್ಲರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ನಗಲಿಲ್ಲ. ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ನಿನ ಮೈಗೂ ಇಟ್ಟು, "ಸ್ಟಾರ್ಟ್ ಹೊಡೀರಿ ಮೇಡಂ" ಎಂದರು.

"ಇಲ್ಲಿ ಸೊನ್ನೆ ಹತ್ತಿರ ಇರ್ಬೇಕು. ನೋಡಿ, ಮೂರು ವೋಲ್ಟ್ ತೋರಿಸ್ತಾ ಇದೆ." ಬಗ್ಗಿ ಕೆಳಗೆ ಟಾರ್ಚ್ ಬಿಟ್ಟರು. "ಇಂಜಿನ್‌ಗೂ ಬಾಡಿಗೂ ಮಧ್ಯ ಅರ್ಥಿಂಗ್ ಪಟ್ಟಿನೇ ಹಾಕಿಲ್ಲ. ಕರೆಂಟ್ ವಾಪಸ್ ಹೋಗೋಕೆ ದಾರಿ ಬೇಕಲ್ಲ? ಆಕ್ಸಿಲರೇಟರ್ ಕೇಬಲ್ ಹಿಡ್ಕೊಂಡು ಹೋಗ್ತಾ ಇದೆ. ಅದಕ್ಕೇ ಹೊಗೆ. ದೀಪ, ವೈಪರು, ಹಾರ್ನು, ಎಲ್ಲದಕ್ಕೂ ಇದೇ."

ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್. ವಿದ್ಯುತ್ತು ಹೊರಟಲ್ಲಿಗೆ ಮರಳಲೇಬೇಕೆಂದು ಬಲ್ಬು, ಸೆಲ್ಲು ಇಟ್ಟುಕೊಂಡು ಪ್ರತಿ ವರ್ಷ ಹೇಳಿಕೊಡುತ್ತೇನೆ. ಆದರೂ ಆ ಬೆಳಿಗ್ಗೆ ವೈಪರ್ ನಡುಗಿದಾಗ ನನಗೆ ನೆನಪಾದದ್ದು ಪಾಠವಲ್ಲ, ಜಜ್ಜಿಹೋದ ಗಾಡಿಯಲ್ಲಿ ಇದ್ದಿರಬಹುದಾದವರು.

ದಪ್ಪನೆಯ ತಾಮ್ರದ ಪಟ್ಟಿ ಹಾಕಿ ಬೋಲ್ಟು ಬಿಗಿದು, ಹೊಗೆ ಕಾರಿದ ಕೇಬಲ್ಲನ್ನೂ ಬದಲಾಯಿಸಿದ ಮೇಲೆ ಎಲ್ಲ ಶಾಂತವಾಯಿತು. ದೀಪಗಳು ಸರಿ. ಹಾರ್ನ್ ಹಾರ್ನಿನಂತೆ ಕೂಗಿತು. ನಾನು ಉಸಿರುಬಿಟ್ಟು ಕೀ ತೆಗೆದೆ.

ಇಂಜಿನ್ ಓಡುತ್ತಲೇ ಇತ್ತು.

ಕಲೀಂ ಭಾಯ್ ಬಾನೆಟ್ಟಿನೊಳಗೆ ತಲೆ ಹಾಕಿ ಒಂದೊಂದೇ ವೈರು ಬಿಚ್ಚುತ್ತ ಹೋದರು. ಡೈನಮೋದಿಂದ ಬರುವ ಒಂದು ಸಣ್ಣ ವೈರು ಎಳೆದೊಡನೆ ಸದ್ದು ಕತ್ತರಿಸಿದಂತೆ ನಿಂತಿತು. "ಎರಡು ವೈರು ಸವೆದು ಎಲ್ಲೋ ಒಳಗಡೆ ಅಂಟಿಕೊಂಡಿವೆ. ಕೀ ತೆಗೆದ್ರೆ ಡೀಸೆಲ್ ನಿಲ್ಲಿಸೋ ವಾಲ್ವ್ ಇದೆಯಲ್ಲ, ಡೈನಮೋ ಕರೆಂಟ್ ಹಿಂದಕ್ಕೆ ಬಂದು ಅದನ್ನ ತೆರೆದೇ ಹಿಡಿದಿದೆ" ಎನ್ನುತ್ತ ವೈರುಗಳ ಕಟ್ಟಿಗೆ ಸುತ್ತಿದ್ದ ಕಪ್ಪು ಬಟ್ಟೆಯ ಟೇಪನ್ನು ಬಿಚ್ಚಲು ತೊಡಗಿದರು. ಟೇಪಿನ ತುದಿಯನ್ನು ಚಪ್ಪಲಿ ಹೊಲಿಯುವ ಮೇಣದ ದಾರದಿಂದ ಕಟ್ಟಿತ್ತು. ಅಲ್ಲಿ ಅವರ ಕೈ ನಿಂತಿತು.

"ಏನಾಯ್ತು?"

"ಈ ಗಂಟು ನಂದು ಮೇಡಂ."

ನನಗೆ ಅರ್ಥವಾಗಲಿಲ್ಲ.

"ಹಿಂಗೆ ಕಟ್ಟೋನು ನಾನೊಬ್ನೇ. ಟೇಪ್ ಬಿಚ್ಕೋಬಾರ್ದು ಅಂತ. ಈ ವೈರಿಂಗ್ ಮಾಡಿದ್ದು ನಾನೇ." ಅವರು ಸ್ಟೂಲಿನ ಮೇಲೆ ಕುಳಿತರು. "ರಾಜೀವನಗರದಲ್ಲಿ ಬೇಕರಿ ಇಟ್ಟಿರೋ ಪುಟ್ಟಸ್ವಾಮಿ ಅಂತ, ಅವರ ಗಾಡೀದೇ ಇದು. ಹೋದ ವರ್ಷ ಒಂದು ಶುಕ್ರವಾರ ಬಂದ್ರು. ಕೀ ತೆಗೆದ್ರೂ ಇಂಜಿನ್ ನಿಲ್ತಾ ಇಲ್ಲ ಕಲೀಂ ಭಾಯ್ ಅಂದ್ರು. ನಾನು ನಮಾಜಿಗೆ ಹೊರಟಿದ್ದೆ. ನಾಳೆ ತನ್ನಿ, ಏನೂ ಆಗಲ್ಲ ಅಂದೆ. ಆಮೇಲೆ ಅವರು ಬರ್ಲೇ ಇಲ್ಲ. ಬೇರೆ ಕಡೆ ಮಾಡಿಸ್ಕೊಂಡಿರ್ಬೇಕು ಅಂದ್ಕೊಂಡೆ." ನನ್ನತ್ತ ನೋಡದೆ ಕೇಳಿದರು: "ಆಕ್ಸಿಡೆಂಟ್ ಗಾಡಿ ಅಂದ್ರಾ?"

"ಹಿಂದುಗಡೆ ಪೂರ್ತಿ ಜಜ್ಜಿತ್ತಂತೆ."

ಅವರು ಫೋನ್ ತೆಗೆದು ಹೆಸರು ಹುಡುಕಿದರು. ಒತ್ತಲು ಬೆರಳು ಬರಲಿಲ್ಲ. ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ. ರಿಂಗಾಗುತ್ತಲೇ ಇತ್ತು. ಮಧ್ಯಾಹ್ನದ ಹೊತ್ತು, ಬೀದಿ ತುಂಬ ಜನ. ಕೇಳಿಸಲೆಂದು ಫೋನನ್ನು ಇಬ್ಬರ ನಡುವೆ ಎತ್ತಿ ಹಿಡಿದೆ.

"ಯಾರು?" ಎಂದಿತು ಗಂಡು ದನಿ. "ಓ, ಕಲೀಂ ಭಾಯ್! ಎಂಗಿದೀರಿ?"

ಕಲೀಂ ಭಾಯ್ ಕಣ್ಣು ಮುಚ್ಚಿಕೊಂಡರು. "ನಿಮ್ಮ ಗಾಡಿ ಏನಾಯ್ತು ಪುಟ್ಟಸ್ವಾಮಿ?" ಎಂದರು.

"ಅದಾ? ನಿಮ್ಮತ್ರ ಬಂದಿದ್ನಲ್ಲ, ಅವತ್ತೇ ಸಂಜೆ ಮಾವನ ಮನೇಗೆ ಓಗಿದ್ದೆ. ಅವರ ಮನೆ ಮುಂದೆ ಇಳಿಜಾರು. ಯಾವಾಗ್ಲೂ ಇಂಜಿನ್ ಆಫ್ ಮಾಡಿ ಗೇರಲ್ಲಿ ನಿಲ್ಸೋನು. ಅವತ್ತು ಅದು ನಿಲ್ಲಲಿಲ್ವಲ್ಲ, ಬರೀ ಹ್ಯಾಂಡ್‌ಬ್ರೇಕ್ ಹಾಕಿ ಗೇಟ್ ತೆಗೆಯಕ್ಕೆ ಇಳಿದೆ. ನನ್ನ ಹಿಂದೇನೇ ಮಗಳೂ ಇಳಿದ್ಲು. ಅವಳು ಬಾಗಿಲು ಹಾಕಿದ್ದೇ ತಡ, ಗಾಡಿ ಹಿಂದಕ್ಕೆ ಓಯ್ತು ಕಣ್ರೀ. ಯಾರೂ ಇಲ್ಲ ಒಳಗೆ, ಇಂಜಿನ್ ಓಡ್ತಾ ಇದೆ, ಲೈಟ್ ಉರೀತಾ ಇದೆ. ಕೆಳಗಿನ ಕಲ್ಲುಗೋಡೆಗೆ ಗುದ್ಬುಟ್ಟು ನಿಂತ್ಕೊಂತು. ಮಗಳು ಈಗ್ಲೂ ಯಾವ ಕಾರೂ ಹತ್ತಲ್ಲ." ಆಮೇಲೆ, "ಯಾಕೆ ಕೇಳಿದ್ರಿ?" ಎಂದರು.

"ಸುಮ್ನೆ ನೆನಪಾಯ್ತು" ಎಂದು ಕಲೀಂ ಭಾಯ್ ಫೋನ್ ಇಟ್ಟರು. ಮಫ್ಲರಿನ ತುದಿಯಿಂದ ಮುಖ ಒರೆಸಿಕೊಂಡು, ಊಟಕ್ಕೂ ಏಳದೆ, ಇಂಜಿನ್ನಿನ ಹಳೆಯ ವೈರಿಂಗನ್ನೆಲ್ಲ ಕಿತ್ತು ಹೊಸದು ಎಳೆದರು. ಆಮೇಲೆ ನನ್ನ ಪಕ್ಕ ಕುಳಿತು ಬೀದಿ ಬೀದಿ ಸುತ್ತಿಸಿದರು. ತಿರುವು ತಿರುವಿಗೂ ನಿಲ್ಲಿಸಿ "ಕೀ ತೆಗೀರಿ" ಎನ್ನುವರು. ಪ್ರತಿ ಸಲವೂ ಇಂಜಿನ್ ನಿಂತಿತು. ಪ್ರತಿ ಸಲವೂ ಇಬ್ಬರೂ ಒಂದು ಗಳಿಗೆ ಮಾತಾಡದೆ ಕಿವಿಗೊಟ್ಟೆವು.

ನಾಲ್ಕು ಗಂಟೆಗೆ ವಿದ್ಯಾರಣ್ಯಪುರಂ ತಲುಪಿದೆ. ಬೀಗಿತ್ತಿಗೂ ಚೈತ್ರಾಳಿಗೂ ಏನನ್ನೂ ಮುಚ್ಚಿಡದೆ ಹೇಳಿದೆ. ಬೇಕಾದರೆ ನಾನೊಬ್ಬಳೇ ಕಾರು ಒಯ್ಯುತ್ತೇನೆ, ತಾಯಿ ಮಗುವಿಗೆ ಬಾಡಿಗೆ ಗಾಡಿ ಮಾಡೋಣ ಎಂದೆ. ಚೈತ್ರಾ ಹೊರಗೆ ಬಂದು ತಾನೇ ಇಂಜಿನ್ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು.

"ಆ ಮಗು ಇಳಿಯೋವರೆಗೂ ಇದು ಕಾದಿತ್ತು ಅಲ್ವೇನಮ್ಮ," ಎಂದಳು. "ನಾನು ಇದರಲ್ಲೇ ಬರ್ತೀನಿ."

ಬೀಗಿತ್ತಿ ಒಳಗೆ ಹೋಗಿ ಮಗುವಿನ ಬಟ್ಟೆಯ ಗಂಟು ತಂದುಕೊಟ್ಟರು.

ನಂಜನಗೂಡು ರಸ್ತೆ ಸೇರಿದ ಮೇಲೆ ಕನ್ನಡಿಯಲ್ಲಿ ಒಂದು ಸ್ಕೂಟರ್ ಕಂಡಿತು. ಸವಾರ ಮುಖ ಮುಚ್ಚಿಕೊಂಡಿದ್ದ. ನಾನು ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು, ನಾನು ಮುಂದೆ ಹೋದರೆ ಅದೂ ಬರುತ್ತಿತ್ತು. ಊರು ಮುಗಿದು ತೆಂಗಿನ ತೋಟಗಳು ಶುರುವಾದರೂ ಅಷ್ಟೇ ದೂರದಲ್ಲಿತ್ತು. ಹಿಂದಿನ ಸೀಟಿನಲ್ಲಿದ್ದ ಚೈತ್ರಾಳಿಗೆ ಏನೂ ಹೇಳಲಿಲ್ಲ. ಸಂಜೆಯ ಬಿಸಿಲು ಅಡ್ಡ ಬಿದ್ದಾಗ ಸವಾರ ಮುಖಕ್ಕೆ ಸುತ್ತಿದ್ದ ಮಫ್ಲರಿನ ಗುರುತು ಹತ್ತಿತು.

ಕಾರನ್ನು ಪಕ್ಕಕ್ಕೆ ಹಾಕಿದೆ. ಐವತ್ತು ಹೆಜ್ಜೆ ಹಿಂದೆ ಸ್ಕೂಟರೂ ನಿಂತಿತು. ಕಲೀಂ ಭಾಯ್ ಇಳಿಯಲಿಲ್ಲ, ಹತ್ತಿರವೂ ಬರಲಿಲ್ಲ. ಸ್ಕೂಟರನ್ನು ಆಫ್ ಮಾಡಿ ಹಾಗೇ ಕುಳಿತರು. ನಾನು ಕೀ ತೆಗೆದು, ಇಳಿದು, ಅದನ್ನು ಅವರಿಗೆ ಕಾಣುವಂತೆ ಎತ್ತಿ ಹಿಡಿದೆ. ರಸ್ತೆಯಲ್ಲಿ ಆಗ ಬೇರೆ ವಾಹನವಿರಲಿಲ್ಲ. ತೆಂಗಿನ ಗರಿಗಳ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

ಅವರು ತಲೆ ಬಾಗಿಸಿ ಬಹಳ ಹೊತ್ತು ಕೇಳಿದರು. ಆಮೇಲೆ ಸ್ಕೂಟರ್ ತಿರುಗಿಸಿಕೊಂಡು ಮೈಸೂರಿನ ಕಡೆಗೆ ಹೊರಟರು.