ಗಫೂರ ಸೇಠರ ಕೆರೆಗೆ ಕೋಡಿ ಬಿಟ್ಟವಳು

ಭಾತಂಬ್ರಾದ ಕೇಶರಬಾಯಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮಣ್ಣಿನ ಒಡ್ಡಿನ ಮೇಲೆ ಬರಿಗಾಲಲ್ಲಿ ಒಮ್ಮೆ ನಡೆದಳೆಂದರೆ ಅದು ಗಟ್ಟಿಯೋ ಪೊಳ್ಳೋ ಎಂದು ಹೇಳಿಬಿಡುತ್ತಿದ್ದಳು. ಎಪ್ಪತ್ತೆರಡರ ಬರಗಾಲದಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಸರಕಾರಿ ಕಾಮಗಾರಿಯ ಕೆರೆಗೆ ಮಣ್ಣು ಹೊತ್ತು, ಹೊತ್ತ ಮಣ್ಣನ್ನು ತುಳಿದು ತುಳಿದು ಕಲಿತ ವಿದ್ಯೆ ಅದು. ಮುಂದೆ ಗಂಡನ ಜೊತೆ ಹೈದರಾಬಾದಿಗೆ ಹೋಗಿ ಇಪ್ಪತ್ತೆರಡು ವರ್ಷ ಕಂಡವರ ಮನೆಗಳಿಗೆ ಪಾಯ ತೋಡಿದಳು. ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಮರಳಿದಳು.

ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ಅರ್ಧ ಊರು ಗಂಟುಮೂಟೆ ಕಟ್ಟಿ ಹೈದರಾಬಾದು, ಪುಣೆ ಎಂದು ಹೊರಟಿದ್ದಾಗ ಅವಳಿಗೆ ಮಾತ್ರ ಊರ ಬದಿಯಲ್ಲೇ ಕೆಲಸ ಸಿಕ್ಕಿತು. ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ ಅಬ್ದುಲ ಗಫೂರ ಸೇಠರು ಭಾತಂಬ್ರಾದ ಬದಿಯ ತಮ್ಮ ಹೊಲದಲ್ಲಿ ಹಳ್ಳಕ್ಕೆ ಅಡ್ಡ ಒಡ್ಡು ಹಾಕಿಸಿ, ಜನ ಬಂದು ದೋಣಿಯಾಡಲೆಂದು ಒಂದು ಕೆರೆ ಮಾಡಿಸಿದ್ದರು. ಬಾತುಕೋಳಿಯ ಆಕಾರದ ಎರಡು ದೋಣಿಗಳೂ ಬಂದಿದ್ದವು. ನೀರೊಂದು ಬಂದಿರಲಿಲ್ಲ. ಭಾನುವಾರ ಬಂದವರು ಒಣಗಿದ ಕೆರೆಯಂಗಳದಲ್ಲಿ ಕೂತ ಬಾತುಕೋಳಿಯನ್ನು ಹತ್ತಿ, ಸ್ವಲ್ಪ ಹೊತ್ತು ಪೆಡಲು ತುಳಿದು, ಫೋಟೊ ತೆಗೆಸಿಕೊಂಡು, ಹತ್ತಿದಲ್ಲಿಯೇ ಇಳಿಯುತ್ತಿದ್ದರು. ಕಸ ಗುಡಿಸುವುದು, ಬಾತುಕೋಳಿಗಳ ಧೂಳು ಒರೆಸುವುದು ಕೇಶರಬಾಯಿಯ ಕೆಲಸ.

ಮೂರನೆಯ ದಿನ ಅವಳು ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಳು. ಬಂದವಳೇ ಕಸಬರಿಗೆ ಕೆಳಗಿಟ್ಟಳು.

"ಸೇಠ್ರ, ನಿಮ್ಮ ಒಡ್ಡಿಗಿ ಜಡ್ಡ ಬಂದದ."

ಸೇಠರು ನಕ್ಕರು. "ಹನಿ ನೀರಿಲ್ಲ. ಒಡ್ಡಿಗಿ ಏನಾಗ್ತದ ಕೇಶರಬಾಯಿ?"

"ನೀರಿಲ್ಲ ಅಂತನೇ ಆಗ್ಯಾದ್ರಿ. ಎರಿ ಮಣ್ಣ ಇದು. ಬಿಸಿಲಿಗಿ ಬಿರದು ಮೊಳಕೈ ತನಾ ಕೈ ಹೋಗ್ತದ. ಆ ಕಡಿ ಹೆಗ್ಗಣ ಸಂಸಾರ ಹೂಡ್ಯಾವ. ನಾಳಿ ನೀರ್ ಬಂದು ನಿಂತರ ಅದೇ ದಾರಿ ಹಿಡದು ಹೊರಗ ನಡೀತದ. ಕೆಳಗ ನಮ್ಮೂರ ಮನಿ ಅವ. ಅದು ಇರಲಿ, ಕೋಡಿ ಎಲ್ಲಿ ಬಿಟ್ಟೀರಿ?"

"ಕೋಡಿ ಅಂದ್ರ?"

"ಹೆಚ್ಚಾದ ನೀರು ಹೊರಗ ಹೋಗೋ ಬಾಗಲ್ರಿ."

ಸೇಠರು ಒಡ್ಡಿನ ಬಲತುದಿಯತ್ತ ನೋಡಿದರು. ಗುತ್ತಿಗೆದಾರ ಅಲ್ಲಿ ಒಂದು ತಗ್ಗು ಬಿಟ್ಟಿದ್ದ. ಯಾಕೆ ಬಿಟ್ಟನೋ ಎಂದು ಸೇಠರೇ ಅದನ್ನು ಮುಚ್ಚಿಸಿ, ಮೇಲೆ ಹಸಿರು ಟೈಲ್ಸಿನ ಕಟ್ಟೆ ಕಟ್ಟಿಸಿದ್ದರು. ಕಟ್ಟೆಯ ಮೇಲೆ ಅವರ ತಾಯಿ ಬಿಸ್ಮಿಲ್ಲಾಬೀ ಗಾಳಿಗೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

ಕಸ ಗುಡಿಸುವವಳ ಮಾತಿಗೆ ಒಡ್ಡು ಅಗೆಯಲು ಸೇಠರಿಗೆ ಮನಸ್ಸಾಗಲಿಲ್ಲ. ಪರಿಚಯದ ಎಂಜಿನಿಯರ್ ಮಚ್ಛೇಂದ್ರರನ್ನು ಕರೆಸಿದರು. ಅವರು ಹೊಳೆಯುವ ಬೂಟು ಹಾಕಿಕೊಂಡು ಬಂದರು. "ಬೂಟ ತೆಗದು ನಡೀರಿ ಸಾಹೇಬ್ರ, ಕಾಲಿಗೇ ತಿಳೀತದ," ಎಂದಳು ಕೇಶರಬಾಯಿ. ಅವರು ಮುಗುಳ್ನಕ್ಕು, ನಡೆಯುತ್ತಲೇ ಡೈರಿಯಲ್ಲಿ 'ಒಡ್ಡಿನ ಸ್ಥಿತಿ ತೃಪ್ತಿಕರ' ಎಂದು ಬರೆಯತೊಡಗಿದರು. 'ತೃಪ್ತಿ' ಮುಗಿದಿತ್ತು, 'ಕರ' ಬರೆಯುವಷ್ಟರಲ್ಲಿ ಬಲಗಾಲು ತೊಡೆಯವರೆಗೆ ಒಡ್ಡಿನೊಳಗೆ ಇಳಿಯಿತು. ಸೇಠರೂ ಕೇಶರಬಾಯಿಯೂ ಹಿಡಿದೆಳೆದರೆ ಕಾಲು ಬಂತು, ಬೂಟು ಬರಲಿಲ್ಲ. ಬೂಟಿಗಾಗಿ ಅಗೆಯುತ್ತ ಹೋದರು. ಹೆಗ್ಗಣದ ಬಿಲ ಒಡ್ಡಿನ ಅರ್ಧದವರೆಗೆ ಹೋಗಿತ್ತು. ಮಚ್ಛೇಂದ್ರರು ಒಂಟಿ ಬೂಟಿನಲ್ಲಿ ನಿಂತು ಡೈರಿಯ ಹಾಳೆ ಹರಿದು, ಹೊಸ ಹಾಳೆಯಲ್ಲಿ ಕೇಶರಬಾಯಿ ಹೇಳಿದ್ದನ್ನೇ ಬರೆದುಕೊಂಡರು.

ಕುಡಿಯುವ ನೀರಿಗೇ ಪರದಾಟವಿದ್ದ ಕಾಲ. ಒಡ್ಡಿನ ಮಣ್ಣು ನೆನೆಸಲೆಂದು ಟ್ಯಾಂಕರ್ ತರಿಸಲು ಕೇಶರಬಾಯಿ ಬಿಡಲಿಲ್ಲ. ಜೂನಿನ ಮೊದಲ ಮಳೆಗೆ ಮಣ್ಣು ಹದವಾದ ಮೇಲೆ ಶಾಲುಬಾಯಿ, ಹೀರಾಬಾಯಿ ಮೊದಲಾಗಿ ಹತ್ತು ಹೆಂಗಸರನ್ನು ಕೂಡಿಸಿದಳು. ಬಿಲ, ಬಿರುಕುಗಳನ್ನೆಲ್ಲ ಅಗಲ ಮಾಡಿ ಅಗೆದು, ಗೇಣು ಗೇಣು ಮಣ್ಣು ಹಾಕಿ ತುಳಿದರು. ನೋಡಲು ಬಂದ ಸೇಠರನ್ನೂ ಅವಳು ಬಿಡಲಿಲ್ಲ. "ನೀವು ಇಳದ್ರ ರೋಲರ್ ಬ್ಯಾಡ್ರಿ," ಎಂದಳು. ಸೇಠರು ಪೈಜಾಮ ಮೇಲೆತ್ತಿ ಸಂಜೆಯವರೆಗೆ ತುಳಿದರು. ಮರುದಿನ ಅವರ ಅಂಗಡಿ ತೆರೆಯಲಿಲ್ಲ.

ಕಟ್ಟೆ ಒಡೆಯಲು ಮಾತ್ರ ಒಪ್ಪಲಿಲ್ಲ. "ಅಮ್ಮನ ಜಾಗಾ ಅದು. ಬ್ಯಾರೆ ಏನರ ಹೇಳು."

ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಬಾತುಕೋಳಿಗಳು ತೇಲಿದವೆಂದು ಸುದ್ದಿ ಕೇಳಿ ಸೇಠರು ತಾಯಿಯನ್ನು ಕರೆದುಕೊಂಡು ಬೀದರಿನಿಂದ ಓಡಿಬಂದರು. ಬಂದು ನೋಡಿದರೆ ನೀರು ಒಡ್ಡಿನ ನೆತ್ತಿಗೆ ಒಂದೇ ಮೊಳ ಬಾಕಿ. ಕಟ್ಟೆಯ ಪಕ್ಕದಲ್ಲಿ ಕೇಶರಬಾಯಿ ಹಾರೆ ಹಿಡಿದು ನಿಂತಿದ್ದಳು.

"ಒಂದ್ ತಾಸು ನೋಡೋಣ," ಎಂದರು ಸೇಠರು.

"ತಾಸಿಗಿ ನೀರು ಒಡ್ಡಿನ ಮ್ಯಾಲಿಂದ ಹಾಯ್ತದ್ರಿ. ಹಾಯ್ದರ ಮಣ್ಣ ನಿಲ್ಲಂಗಿಲ್ಲ."

ಬಿಸ್ಮಿಲ್ಲಾಬೀ ಕಾರಿನಿಂದ ಇಳಿದರು. ಬುರ್ಖಾ ನೆನೆಯುತ್ತಿದ್ದರೂ ನೆಟ್ಟಗೆ ಬಂದು ಹಾರೆಗೆ ಕೈಯೊಡ್ಡಿದರು. "ಕೊಡು ಕೇಶರ. ನನ್ನ ಜಾಗಾ ನಾನೇ ಒಡೀತೇನಿ." ಎಪ್ಪತ್ತೆಂಟರ ಮುದುಕಿ ಹಾರೆ ಎತ್ತಿ ಹಾಕಿದರೆ ಟೈಲ್ಸಿಗೆ ಗೀರೂ ಬೀಳಲಿಲ್ಲ. ಸೇಠರಿಗೆ ಮಾತ್ರ ಆ ಏಟು ಸರಿಯಾಗಿ ತಾಗಿತು. ತಾಯಿಯ ಕೈಯಿಂದ ಹಾರೆ ತೆಗೆದುಕೊಂಡು ತಾವೇ ಮುಂದಾದರು. ಕೇಶರಬಾಯಿ ಎಲ್ಲಿ ಹೊಡೆಯಬೇಕೆಂದು ತೋರಿಸುತ್ತ ಹೋದಳು. ಅರ್ಧ ತಾಸಿನಲ್ಲಿ ಕಟ್ಟೆ ಬಾಯಿಬಿಟ್ಟಿತು. ನೀರು ಗುಡುಗುಡಿಸಿ ಹಳ್ಳ ಹಿಡಿಯಿತು. ಬಾತುಕೋಳಿಗಳಲ್ಲಿ ಒಂದು ಅದರ ಬೆನ್ನು ಹತ್ತಿ ಹೋಯಿತು. ಅದನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರ ಕಣ್ಣೂ ಒಡ್ಡಿನ ಮೇಲಿತ್ತು. ಒಡ್ಡು ಅಲುಗಲಿಲ್ಲ. ಕೇಶರಬಾಯಿ ಅಲ್ಲೇ ಕೆಸರಲ್ಲಿ ಕೂತುಬಿಟ್ಟಳು. ಮಳೆಯಲ್ಲಿ ಅವಳ ಅಳು ಯಾರಿಗೂ ಕಾಣಲಿಲ್ಲ.

ಸುದ್ದಿ ಹಬ್ಬಿತು. ಆ ಚಳಿಗಾಲ ಔರಾದ ಕಡೆಯ ಮಾಣಿಕರಾವ ಎಂಬ ಜಮೀನುದಾರರು ತಮ್ಮ ಮೀನಿನ ಕೆರೆ ತೋರಿಸಲು ಜೀಪು ಕಳಿಸಿದರು. ಕೇಶರಬಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತು ಹೋದಳು. ಒಡ್ಡಿನ ಮೇಲೆ ಎರಡು ಸಲ ನಡೆದಳು, ಕೋಡಿ ನೋಡಿದಳು, ಕೊಟ್ಟ ಚಹಾ ಕುಡಿದಳು. ಜಮೀನುದಾರರು ಕೈಕಟ್ಟಿ ನಿಂತು ಕಾಯುತ್ತಿದ್ದರು.

"ಒಡ್ಡಿಗಿ ಏನೂ ಆಗಿಲ್ರಿ," ಎಂದಳು ಲೋಟ ಕೆಳಗಿಡುತ್ತ. "ಚಹಾನೇ ಜರಾ ತೆಳ್ಳಗ ಆಗ್ಯಾದ."