ತಲೆಯಿಲ್ಲದ ಮೇಜಿನ ಮೇಲೆ ರೈಲು

ಇದನ್ನು ಓದಿ ನೀವು ಶುದ್ಧ ಸುಳ್ಳು ಅನ್ನುತ್ತೀರಿ, ಬೇಕಾದರೆ ಈಗಲೇ ಬರೆದುಕೊಡುತ್ತೇನೆ. ಆಂಧ್ರದ ಗಡಿಯ ರಾಯದುರ್ಗದಿಂದ ಮಡಕಶಿರಕ್ಕೆ ಮೊದಲ ರೈಲು ಓಡಿಸಿದವಳು ನಾನು. ಆಗ ಹತ್ತನೇ ತರಗತಿಯಲ್ಲಿದ್ದೆ. ಹೊಸ ಲೈನು ಬರುತ್ತದಂತೆ, ಬರುತ್ತಿದೆಯಂತೆ, ಬಂದೇಬಿಟ್ಟಿತಂತೆ ಎಂದು ದೊಡ್ಡವರು ಟೀ ಅಂಗಡಿಯಲ್ಲಿ ಲೋಟದ ಮೇಲೆ ಲೋಟ ಖಾಲಿ ಮಾಡುತ್ತಿದ್ದ ಕಾಲದಲ್ಲಿ ನನ್ನ ರೈಲು ದಿನಕ್ಕೆ ನೂರು ಸಲ ಹೋಗಿ ಬರುತ್ತಿತ್ತು. ಒಂದು ಸಲವೂ ತಡವಾಗಲಿಲ್ಲ. ಅದು ಓಡುತ್ತಿದ್ದದ್ದು ನಮ್ಮ ಮನೆಯ ಹೊಲಿಗೆ ಮೇಜಿನ ಮೇಲೆ ಎಂಬುದೊಂದು ಸಣ್ಣ ವಿಷಯ.

ನಮ್ಮದು ಮಡಕಶಿರದ ಆಚೆ, ರೊಳ್ಳದ ಕಡೆ. ಜೀನ್ಸ್ ಹೊಲಿಯುವ ಕೆಲಸಕ್ಕೆಂದು ಅಪ್ಪ ನಮ್ಮನ್ನು ಕಟ್ಟಿಕೊಂಡು ರಾಯದುರ್ಗಕ್ಕೆ ಬಂದ. ಇಡೀ ದೇಶದ ಕಾಲುಗಳು ನಮ್ಮ ಬೀದಿಯ ಪ್ಯಾಂಟಿನೊಳಗೇ ಇವೆ ಎಂದು ಊರಿನ ಗೆಳತಿಯರಿಗೆ ಹೇಳಿದ್ದೆ. ನಾವಿದ್ದದ್ದು ಮಾತ್ರ ಒಂದೇ ಕೋಣೆಯಲ್ಲಿ. ಮಲಗಿ ಕಾಲು ಚಾಚಿದರೆ ಪಕ್ಕದ ಮನೆಯವರ ಊಟದ ತಟ್ಟೆಗೆ ತಾಗುತ್ತಿತ್ತು. ಬಟ್ಟೆಯ ನೀಲಿ ನಮಗೆಲ್ಲ ಹತ್ತಿಕೊಂಡಿತ್ತು. ಅಮ್ಮ ಕಟ್ಟಿದ ಮುದ್ದೆಯ ಮೇಲೆ ಬೆರಳಿನ ನೀಲಿ ಗುರುತು. ಅಪ್ಪ ಸೀನಿದರೆ ಮನೆಯೊಳಗೆ ನೀಲಿ ಮೋಡ ಏಳುತ್ತದೆ ಎಂದು ಶಾಲೆಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ. ಮೋಡ ನಾನು ಸೇರಿಸಿದ್ದು. ಅವನ ಟವೆಲ್ಲು ನೀಲಿಯಾಗುತ್ತಿದ್ದದ್ದು ನಿಜ. ಕೆಮ್ಮೂ ನಿಜ.

ಆ ಮೇಜಿಗೆ ತಲೆ ಇರಲಿಲ್ಲ. ಅಪ್ಪನ ಮಷೀನು ದಪ್ಪ ಬಟ್ಟೆಯನ್ನು ಬೆಣ್ಣೆಯಂತೆ ಹೊಲಿಯುತ್ತದೆಂದು ಅವನು ಕೆಲಸ ಮಾಡುವ ಜೀನ್ಸ್ ಯೂನಿಟ್ಟಿನ ಓನರು ಅದರ ತಲೆಯನ್ನು, ಅಂದರೆ ಹೊಲಿಯುವ ಭಾಗವನ್ನು, ಬಿಚ್ಚಿ ತರಲು ಹೇಳಿದ್ದ. ಅಲ್ಲಿ ಮೇಜುಗಳು ಬೇಕಾದಷ್ಟಿದ್ದವು. ಹಾಗಾಗಿ ತಲೆ ಕೆಲಸಕ್ಕೆ ಹೋಯಿತು, ಮುಂಡ ಮನೆಯಲ್ಲಿ ಉಳಿಯಿತು. ಹಲಗೆಯ ನಡುವೆ ಮಷೀನು ಕೂರುವ ದೊಡ್ಡ ತೂತು, ಕೆಳಗೆ ಬಾವಲಿಯಂತೆ ನೇತಾಡುವ ಮೋಟಾರು. ಒಯ್ಯುವ ದಿನ ಆಟೊ ಕೈಕೊಟ್ಟಿತು. ಇನ್ನೊಂದು ಆಟೊ ಬರುವವರೆಗೆ ಅಪ್ಪ ಆ ಕಬ್ಬಿಣದ ತಲೆಯನ್ನು ತೋಳಲ್ಲಿ ಹಿಡಿದು ರಸ್ತೆ ಬದಿಯಲ್ಲಿ ನಿಂತೇ ಇದ್ದ. ನೆಲಕ್ಕೆ ಇಡಲಿಲ್ಲ. ಅನ್ನ ಕೊಡುವ ಮಷೀನನ್ನು ಕಾಲು ಇಡುವ ಕಡೆ ಇಡಬಾರದಂತೆ. ಕತ್ತರಿಗೆ ಕಾಲು ತಾಗಿದರೂ ಕಣ್ಣಿಗೆ ಒತ್ತಿಕೊಳ್ಳುವ ಮನುಷ್ಯ ಅವನು. ನಾನು ಕೂಸಾಗಿದ್ದಾಗ ಅಪ್ಪ ನನ್ನನ್ನು ಅಷ್ಟು ಹೊತ್ತು ಎತ್ತಿಕೊಂಡಿದ್ದನೇ ಎಂದು ಅಮ್ಮನನ್ನು ಕೇಳಿದ್ದೆ.

ರೈಲು ಶುರುವಾದದ್ದು ಅಜ್ಜಿಯಿಂದ. ಅಪ್ಪನ ಅವ್ವ ಊರಲ್ಲೇ ಉಳಿದಿದ್ದಳು, ಎರಡು ಕುರಿ ಮತ್ತು ಒಂದು ಕರೀ ಕಂಬಳಿಯ ಜೊತೆ. ಅಜ್ಜಿಗೆ ಕಾಯಿಲೆ ಜೋರಾಗಿದೆ ಎಂದು ಫೋನು ಬಂದಾಗ ಬಸ್ಸು ಹತ್ತಿ, ಇಳಿದು, ಮತ್ತೊಂದಕ್ಕೆ ಕಾದು, ಅದೂ ತಪ್ಪಿ, ನಾವು ಊರು ಮುಟ್ಟುವಷ್ಟರಲ್ಲಿ ಮಣ್ಣಿಗೆ ಹೋದವರು ವಾಪಸು ಬಂದು ಕೈಕಾಲು ತೊಳೆಯುತ್ತಿದ್ದರು. ಅಪ್ಪ ಅಂಗಳದಲ್ಲಿ ಚೀಲ ಹಿಡಿದುಕೊಂಡೇ ನಿಂತಿದ್ದ.

ವಾಪಸು ಬಂದ ಮೇಲೆ ಯೂನಿಟ್ಟಿನಲ್ಲಿ ಬಿಸಾಡಿದ್ದ ಜಿಪ್ಪಿನ ಉದ್ದ ತುಂಡೊಂದು ನನಗೆ ಸಿಕ್ಕಿತು. ಹಿತ್ತಾಳೆಯ ಹಲ್ಲು ಕಪ್ಪಾಗಿ ಹೋಗಿತ್ತು, ಅಷ್ಟೇ. ಅದನ್ನು ಮೇಜಿನ ಮೇಲೆ ಹಾವಿನಂತೆ ಹರಡಿ ಎರಡೂ ಅಂಚಿಗೆ ಅಂಟು ಹಾಕಿದೆ. ಜಿಪ್ಪನ್ನು ಎಳೆಯುವ ರನ್ನರೇ ಎಂಜಿನ್ನು. ಅದರ ಹಿಂದೆ ಬೆಂಕಿಪೊಟ್ಟಣದ ಬೋಗಿಗಳು, ಅವಕ್ಕೆ ಪ್ಯಾಂಟಿನ ಗುಂಡಿಯ ಚಕ್ರ. ಬೇರೆ ರೈಲುಗಳು ಹಾಕಿಟ್ಟ ಹಳಿಯ ಮೇಲೆ ಓಡುತ್ತವೆ. ನನ್ನದು ಹೋಗುತ್ತ ಹೋಗುತ್ತ ತನ್ನ ಹಿಂದೆ ಹಳಿ ಜೋಡಿಸುತ್ತಿತ್ತು, ಬರುತ್ತ ಬಿಚ್ಚುತ್ತಿತ್ತು. ಮೇಜಿನ ತೂತಿಗೆ ನೀಲಿ ಬಟ್ಟೆ ಇಳಿಬಿಟ್ಟು ಕೆರೆ ಮಾಡಿದೆ. ಕೆರೆಯ ಮೇಲೆ ಸೊಂಟಪಟ್ಟಿಯ ಸೇತುವೆ. ಭೂಕಂಪವಾದರೂ ಅಲುಗದಷ್ಟು ಅಂಟು. ಕೊನೆಗೆ ಮಡಕಶಿರ ಸ್ಟೇಷನ್ನಿನಲ್ಲಿ ದಾರದ ಕೋನಿನ ತುದಿ ಕತ್ತರಿಸಿ ಒಂದು ಬೊಂಬೆ ನಿಲ್ಲಿಸಿ, ಅದರ ತಲೆಗೆ ಕರೀ ಉಣ್ಣೆಯ ಎಳೆ ಹೊದಿಸಿದೆ. ಯಾರು ಎಂದು ಕೇಳಿದವರಿಗೆಲ್ಲ ಸ್ಟೇಷನ್ ಮಾಸ್ತರು, ಚಳಿಜ್ವರ ಬಂದಿದೆ ಎನ್ನುತ್ತಿದ್ದೆ.

ಒಂದು ದಿನ ಯೂನಿಟ್ಟಿನ ಲಾರಿ ಡ್ರೈವರು, ನಾವೆಲ್ಲ ಮಾಮ ಎನ್ನುವವನು, ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸಲೆಂದು ಅಮ್ಮನಿಗೆ ಪ್ಯಾಂಟಿನ ಕಟ್ಟು ಕೊಡಲು ಬಂದ.

“ಏನವಾ ಇದು, ರೈಲೋ ಪ್ಯಾಂಟೋ?”

“ರೈಲು ಮಾಮ. ನಿಮ್ ಲಾರಿಗಿಂತ ಬೇಗ ಓಗ್ತೈತೆ.”

“ನನ್ ಲಾರಿಗಿಂತ ಎಮ್ಮಿನೂ ಬೇಗ ಹೊಕ್ಕತಿ ಬಿಡು.” ಅವನು ಬಗ್ಗಿ ನೋಡಿದ. “ಬೆಂಗ್ಳೂರಾಗ ಇಂಥಾ ಸಣ್ಣ ರೈಲಿಂದು ದೊಡ್ಡ ಪ್ರದರ್ಶನ ಐತಂತ. ಲೋಡ್ ಇಳಸಾಕ ಹೋದಾಗ ಬೋರ್ಡ್ ನೋಡೀನಿ. ಹಾಲ್ ಅಂದ್ರ ಎಂಥಾ ಹಾಲ್, ನಮ್ ಬಸ್‌ಸ್ಟ್ಯಾಂಡ್ ಅದರ ಮೂಲ್ಯಾಗ ಕುಂದರ್ತತಿ.”

ಮುಂದಿನ ಸಲ ಆ ಬೋರ್ಡಿನ ಫೋಟೊ ತಂದ. ಅದರಲ್ಲಿದ್ದ ನಂಬರಿಗೆ ಅಮ್ಮನ ಫೋನಿನಿಂದ ಮಾತಾಡಿ, ನಮ್ಮದೊಂದು ರೈಲು ಕ್ಲಬ್ಬು ಇದೆ ಎಂದೆ. ಆ ಕಡೆಯವರದು ಬಹಳ ಮೃದು ಧ್ವನಿ.

“ನಿಮ್ಮ ಕ್ಲಬ್ಬಲ್ಲಿ ಎಷ್ಟು ಜನ ಇದ್ದೀರಮ್ಮ?”

ಕ್ಲಬ್ಬಿನಲ್ಲಿ ನಾನು ಮತ್ತು ಪಕ್ಕದ ಮನೆಯ ಬೆಕ್ಕು. “ತುಂಬಾ ಜನ ಸರ್. ಎಲ್ರಿಗೂ ಬಸ್ಸಲ್ಲಿ ವಾಂತಿ. ಬರೋದು ನಾನೊಬ್ಳೇ.”

ಅವರು ನಕ್ಕರು. “ಶಾಲೆ ಮಕ್ಕಳಿಗೆ ಒಂದು ಮೇಜಿನಷ್ಟು ಜಾಗ ಇಟ್ಟಿದ್ದೀವಿ. ಆದ್ರೆ ಮೇಜು ನೀವೇ ತರಬೇಕು.”

ನನ್ನ ರೈಲು ಮೇಜಿಗೇ ಅಂಟಿಕೊಂಡಿತ್ತು. ಇದಕ್ಕಿಂತ ಒಳ್ಳೆಯ ಸುದ್ದಿ ಇರಲು ಸಾಧ್ಯವೇ. ಎಂಜಿನ್ನಿನ ಮೇಲೆ ಲಾರಿಯ ನಂಬರು ಬರೆಯುತ್ತೇನೆಂದು ಆಸೆ ಹುಟ್ಟಿಸಿ ಮಾಮನನ್ನು ಒಪ್ಪಿಸಿದೆ. ಪ್ರದರ್ಶನದ ವಾರ ಶನಿವಾರದ ಲೋಡಿನ ಜೊತೆ ಮೇಜು ಹೋಗುವುದು, ಅದರ ಪಕ್ಕದಲ್ಲಿ ನಾನು. ಅಮ್ಮ ತಲೆ ಚಚ್ಚಿಕೊಂಡಳು. ಅಪ್ಪ ಮಾತ್ರ ಮುದ್ದೆ ಮುರಿಯುತ್ತ ಹೇಳಿದ, “ಓಗ್ಬರ್ಲಿ ಬಿಡು. ತಲೆ ಯೂನಿಟ್ನಾಗೈತೆ. ಅದು ಅಲ್ಲಿರೋಗಂಟ ಮುಂಡ ಎಲ್ಲಿದ್ರೇನು.”

ಆ ವಾರಗಳಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಪ್ರದರ್ಶನದ ರೈಲುಗಳ ಕಿಟಕಿಯಲ್ಲಿ ಸಾಸಿವೆಯಷ್ಟು ಜನ ಕೂತು ರವೆಯಷ್ಟು ಇಡ್ಲಿ ತಿನ್ನುತ್ತಾರೆ, ಒಬ್ಬನಿಗೆ ಚಟ್ನಿ ಸಾಲದೆ ಜಗಳವಾಗಿ ಚೈನು ಎಳೆದಿದ್ದಾನೆ ಎಂದೆಲ್ಲ ಶಾಲೆಯಲ್ಲಿ ಹೇಳಿದೆ. ನಂಬಿದವರೂ ಇದ್ದರು. ನಾನೂ ಅರ್ಧ ನಂಬಿದ್ದೆ. ಆ ದೊಡ್ಡ ಹಾಲ್‌ನ ನಡುವೆ ನಿಂತು ರನ್ನರನ್ನು ಒಂದೇ ಉಸಿರಿಗೆ ರಾಯದುರ್ಗದಿಂದ ಎಳೆದುಕೊಂಡು ಹೋಗಿ ಬೊಂಬೆಯ ಮುಂದೆ ನಿಲ್ಲಿಸುವುದನ್ನು ಕಣ್ಣು ಮುಚ್ಚಿದಾಗಲೆಲ್ಲ ನೋಡುತ್ತಿದ್ದೆ.

ನಮ್ಮ ಬೀದಿ ಆಗಲೇ ಮೆತ್ತಗಾಗತೊಡಗಿತ್ತು. ಮೊದಲು ಮಷೀನುಗಳ ಗದ್ದಲಕ್ಕೆ ಗಂಟಲು ಹರಿದುಕೊಂಡು ಮಾತಾಡಬೇಕಿತ್ತು. ಈಗ ಪಕ್ಕದ ಮನೆಯವರು ಅನ್ನ ಬಸಿಯುವುದೂ ಕೇಳುತ್ತಿತ್ತು. ಎದುರುಮನೆಯವರು ಟೆಂಪೊಗೆ ಸಾಮಾನು ಹೇರಿ ಹೋದರು. ಅವರ ಗೋಡೆಯ ಮೇಲೆ ಮಷೀನಿನ ಎಣ್ಣೆಯ ಕಲೆಯೊಂದೇ ಉಳಿಯಿತು. ಅದು ಭಾರತದ ನಕ್ಷೆಯಂತಿದೆ, ನೋಡಲು ಟಿಕೆಟ್ಟು ಇಡಬೇಕು ಎಂದೆ. ಯಾರೂ ನಗಲಿಲ್ಲ. ಮುಂದೆ ಹೇಗೆ ಎಂದು ಅಪ್ಪ ಕೇಳಿದಾಗಲೆಲ್ಲ ಓನರು ತೆಲುಗಿನಲ್ಲಿ ‘ಚೂದ್ದಾಂ’, ನೋಡೋಣ ಎನ್ನುತ್ತಿದ್ದನಂತೆ. ಅಪ್ಪ ನೋಡಲು ಹೋಗುತ್ತಿದ್ದ, ನೋಡಿ ಬರುತ್ತಿದ್ದ.

ಮಾಮನೂ ಅಪರೂಪವಾದ. ಸಿಕ್ಕಾಗ ಕೇಳಿದೆ, “ಶನಿವಾರ ಲೋಡ್ ಐತೆ ಅಲ್ವಾ ಮಾಮ? ನನ್ ಮೇಜಿಗೆ ಜಾಗ?”

“ಬೆಂಗ್ಳೂರಾಗ ಹಳೇ ಮಾಲು ಮಾರಾಟ ಆಗ್ದ ಹಂಗ ಬಿದ್ದತಿ. ಒಂದು ಲೋಡ್ ಆಕ್ಕತಿ ಅಂತಾನ ಓನರು.” ಅವನು ಲಾರಿಯ ಹಿಂಭಾಗದ ಕಡೆ ಕೈ ತೋರಿಸಿದ. “ನಿನ್ ಮೇಜಿಗೆ ಜಾಗ ಬೇಕಾದಷ್ಟು ಐತಿ ಬಿಡವಾ. ಅದಾ ನನಗ ಚಿಂತಿ.”

ನನ್ನ ಕಿವಿಗೆ ಬಿದ್ದದ್ದು ಜಾಗ ಬೇಕಾದಷ್ಟಿದೆ ಎಂಬ ಮಾತು ಮಾತ್ರ.

ಶುಕ್ರವಾರ ಮಧ್ಯಾಹ್ನ. ಶಾಲೆಗೆ ಹೊಟ್ಟೆನೋವು ಹೇಳಿ ಮನೆಯಲ್ಲೇ ಇದ್ದೆ. ಸೇತುವೆಗೆ ಕೊನೆಯ ಸಲ ಅಂಟು ಹಾಕಿ ಊದುತ್ತಿದ್ದೆ. ಅಮ್ಮ ಬಾಗಿಲ ಬಳಿ ಪ್ಯಾಂಟಿನ ದಾರ ಕತ್ತರಿಸುತ್ತಿದ್ದಳು. ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು. ಹಗಲಲ್ಲಿ ಅಪ್ಪನ ಮುಖ ನೋಡಿ ಎಷ್ಟು ಕಾಲವಾಗಿತ್ತೆಂದರೆ, ಒಂದು ಗಳಿಗೆ ನನಗೆ ಗುರುತೇ ಸಿಗಲಿಲ್ಲ. ಇದರಲ್ಲಿ ನಾನು ಏನೂ ಸೇರಿಸಿಲ್ಲ.

ಅವನ ತೋಳುಗಳಲ್ಲಿ ಹಳೇ ದುಪ್ಪಟಿಯಲ್ಲಿ ಸುತ್ತಿದ ಗಂಟು. ದುಪ್ಪಟಿಯ ಸಂದಿಯಿಂದ ಮಷೀನಿನ ಸೂಜಿಯ ಕಡ್ಡಿ ಕಾಣುತ್ತಿತ್ತು.

“ಊಟಕ್ಕೆ ಬಂದ್ರಾ?” ಎಂದಳು ಅಮ್ಮ. ಅವಳಿಗೂ ಕಂಡಿತ್ತು.

“ಬೀಗ ಆಕ್ತಾ ಅವ್ರೆ. ಅವ್ರವ್ರ ಮಷೀನು ಅವ್ರವ್ರು ಎತ್ಕೊಂಡೋಗಿ ಅಂದ್ರು.”

“ನಾಳೆ ಲಾರಿ?” ಎಂದೆ ನಾನು.

“ಯಾವ್ ಲಾರಿ?”

ಅವನು ಹೊಸಲು ದಾಟಿ ಮೇಜಿನ ಮುಂದೆ ಬಂದು ನಿಂತ. ಆಟೊ ಇಳಿದ ಬೀದಿಯ ತುದಿಯಿಂದ ಹೊತ್ತು ತಂದಿದ್ದ. ಕೆಮ್ಮು ಬೇರೆ ಒತ್ತರಿಸುತ್ತಿತ್ತು.

“ಅಪ್ಪಾ, ಚಾಪೆ ಮೇಲೆ ಇಡು. ಒಂದೇ ಒಂದಿನ.”

ಅವನು ಬೈಯಲಿಲ್ಲ. ಇಡಲೂ ಇಲ್ಲ. ಹಿಡಿತ ಸ್ವಲ್ಪ ಮೇಲಕ್ಕೆ ಸರಿಸಿಕೊಂಡು ಕಾದ.

“ಮೇಜು ಖಾಲಿ ಮಾಡೇ,” ಎಂದಳು ಅಮ್ಮ. “ಕೈ ಬಿದ್ದೋಗ್ತೈತೆ ಅವರ್ದು.”

ನಾನು ಜಿಪ್ಪಿನ ತುದಿ ಹಿಡಿದು ಎಳೆದೆ. ಬರಲಿಲ್ಲ. ಭೂಕಂಪಕ್ಕೂ ಅಲುಗದ ಅಂಟು. ಅಮ್ಮ ಕತ್ತರಿ ತಂದು ರಾಯದುರ್ಗದ ಕಡೆಯಿಂದ ಎಬ್ಬಿಸತೊಡಗಿದಳು. ಬೋಗಿಗಳು ಉರುಳಿದವು. ನಾನು ಇನ್ನೊಂದು ಕಡೆಯಿಂದ ಜಿಪ್ಪು ಕೀಳುತ್ತಿದ್ದೆ.

“ತಾಳು,” ಎಂದ ಅಪ್ಪ. “ಅವ್ವನ್ನ ಮೊದ್ಲು ಎತ್ತಿಡು.”

ಅದು ಸ್ಟೇಷನ್ ಮಾಸ್ತರು ಎಂದೇ ನಾನು ಅವನಿಗೂ ಹೇಳಿದ್ದೆ.

ಬೊಂಬೆಯನ್ನು ಕಿತ್ತು ಕಿಟಕಿಯಲ್ಲಿ ಇಟ್ಟೆ. ಸೇತುವೆ ಹರಿಯಿತು. ಅಪ್ಪ ಮಂಡಿ ಬಗ್ಗಿಸಿ ಮಷೀನಿನ ತಲೆಯನ್ನು ಕೆರೆಯ ನೀಲಿ ಬಟ್ಟೆಯ ಸಮೇತ ತೂತಿಗೆ ಇಳಿಸಿದ. ಅಂಗೈ ಒತ್ತಿ ಅಲುಗಿಸಿ ನೋಡಿದ. ಅಲುಗಲಿಲ್ಲ.

“ಸರ್ಯಾಗಿ ಕೂತ್ಕಂತು,” ಎಂದ.